ನಾಯಿಯ ಹಲ್ಲಿನ ಆರೈಕೆ

ಸಾಕುನಾಯಿಯ ಹಲ್ಲು ಮತ್ತು ಒಸಡುಗಳನ್ನು ಶುಚಿಯಾಗಿಟ್ಟು ರೋಗ ಬಾರದಂತೆ ಕಾಯುವ ಕ್ರಮ. ಮನೆಯಲ್ಲಿ ಹಲ್ಲುಜ್ಜುವುದು, ಅಗಿಯಲು ತಕ್ಕ ವಸ್ತು ಕೊಡುವುದು, ಪಶುವೈದ್ಯರಿಂದ ತಪಾಸಣೆ ಮತ್ತು ಶುಚಿ ಮಾಡಿಸುವುದು ಇದರ ಮೂರು ಅಂಗಗಳು. ಮೂರು ವರ್ಷ ದಾಟುವ ಹೊತ್ತಿಗೆ ಬಹುಪಾಲು ನಾಯಿಗಳಲ್ಲಿ ಒಸಡುರೋಗದ ಒಂದಿಲ್ಲೊಂದು ಲಕ್ಷಣ ಕಾಣುತ್ತದೆ. ಕೊಳ್ಳುವಾಗ ಎತ್ತಿನ ಬಾಯಿ ತೆರೆದು ಹಲ್ಲೆಣಿಸುವ ರೈತರ ಮನೆಯಲ್ಲೂ ನಾಯಿಯ ಬಾಯಿ ನೋಡುವ ರೂಢಿ ಕಡಿಮೆ. ಹೀಗಾಗಿ ರೋಗ ಬಲಿತು ವಾಸನೆ ಹೊಡೆದ ಮೇಲೆಯೇ ಗಮನಕ್ಕೆ ಬರುವುದು ಹೆಚ್ಚು.

ಹಲ್ಲುಗಳ ರಚನೆ

ಮರಿಗೆ ಮೂರನೆಯ ವಾರದಿಂದ ಹಾಲುಹಲ್ಲು ಮೂಡತೊಡಗುತ್ತವೆ. ಅವು ಒಟ್ಟು 28. ನಾಲ್ಕನೆಯ ತಿಂಗಳಿಂದ ಅವು ಉದುರಿ, ಏಳನೆಯ ತಿಂಗಳ ಹೊತ್ತಿಗೆ 42 ಶಾಶ್ವತ ಹಲ್ಲುಗಳು ಬಂದಿರುತ್ತವೆ: ಮೇಲ್ದವಡೆಯಲ್ಲಿ 20, ಕೆಳದವಡೆಯಲ್ಲಿ 22. ಇವುಗಳಲ್ಲಿ ಬಾಚಿಹಲ್ಲು 12, ಕೋರೆಹಲ್ಲು 4, ಮುಂದವಡೆ ಹಲ್ಲು 16, ದವಡೆ ಹಲ್ಲು 10. ಮೇಲಿನ ನಾಲ್ಕನೆಯ ಮುಂದವಡೆ ಹಲ್ಲೂ ಕೆಳಗಿನ ಮೊದಲ ದವಡೆ ಹಲ್ಲೂ ಒಂದರ ಪಕ್ಕ ಒಂದು ಜಾರಿ, ಕತ್ತರಿಯಂತೆ ಮಾಂಸ ತುಂಡರಿಸುತ್ತವೆ. ಮೂರು ಬೇರಿನ ಮೇಲಿನ ಈ ಹಲ್ಲೇ ಬೇಗ ಕೊಳೆ ಕಟ್ಟುವುದು, ಗಟ್ಟಿ ವಸ್ತು ಕಚ್ಚಿದಾಗ ಮುರಿಯುವುದೂ ಹೆಚ್ಚಾಗಿ ಇದೇ.

ಪಾಮರೇನಿಯನ್‌ನಂಥ ಸಣ್ಣ ತಳಿಗಳಲ್ಲಿ ಹಾಲುಹಲ್ಲು ಉದುರದೆ ಹೊಸ ಹಲ್ಲಿನ ಪಕ್ಕದಲ್ಲೇ ಉಳಿಯುವುದುಂಟು. ಎರಡರ ನಡುವೆ ಅನ್ನ, ಕೂದಲು ಸಿಕ್ಕಿ ಒಸಡು ಕೆಡುತ್ತದೆ. ಏಳು ತಿಂಗಳಾದರೂ ಒಂದೇ ಕಡೆ ಜೋಡಿ ಕೋರೆ ಕಂಡರೆ ವೈದ್ಯರಿಂದ ತೆಗೆಸಬೇಕು. ಮರಿಯಿದ್ದಾಗ ಡಿಸ್ಟೆಂಪರ್ ಬಂದು ಬದುಕಿದ ನಾಯಿಯ ಹಲ್ಲಿನ ಹೊರಪದರ ಗುಳಿಬಿದ್ದು ಒರಟಾಗುತ್ತದೆ. ಅಂಥ ಹಲ್ಲಿಗೆ ಕೊಳೆ ಬೇಗ ಅಂಟುತ್ತದೆ.

ಪಾಚಿ, ಗಾರೆ, ಒಸಡುರೋಗ

ಉಜ್ಜಿದ ಹಲ್ಲಿನ ಮೇಲೂ ಕೆಲವೇ ಗಂಟೆಗಳಲ್ಲಿ ಬ್ಯಾಕ್ಟೀರಿಯಾಗಳ ತೆಳುಪೊರೆ ಹಬ್ಬುತ್ತದೆ. ಇದೇ ಪಾಚಿ. ಎರಡು ಮೂರು ದಿನ ಹಾಗೇ ಬಿಟ್ಟರೆ ಜೊಲ್ಲಿನಲ್ಲಿರುವ ಸುಣ್ಣದ ಅಂಶ ಸೇರಿ ಗಟ್ಟಿಯಾಗಿ ಹಳದಿ ಕಂದು ಬಣ್ಣದ ಗಾರೆಯಾಗುತ್ತದೆ. ನಾಯಿಯ ಜೊಲ್ಲು ಮನುಷ್ಯರದಕ್ಕಿಂತ ಹೆಚ್ಚು ಕ್ಷಾರೀಯ. ಆದ್ದರಿಂದ ಅದಕ್ಕೆ ಹುಳುಕುಹಲ್ಲು ಅಪರೂಪ, ಗಾರೆ ಮಾತ್ರ ಸಾಮಾನ್ಯ. ಪಾಚಿ ಬ್ರಶ್ಶಿಗೆ ಹೋಗುತ್ತದೆ, ಗಾರೆ ಹೋಗುವುದಿಲ್ಲ. ಮನೆಯ ಆರೈಕೆಯ ಮರ್ಮವೆಲ್ಲ ಈ ಎರಡು ಮೂರು ದಿನಗಳ ಅಂತರದಲ್ಲಿದೆ.

ಮೊದಲ ಹಂತದಲ್ಲಿ ಒಸಡಿನ ಅಂಚು ಕೆಂಪಾಗಿ ಊದಿ, ಮುಟ್ಟಿದರೆ ರಕ್ತ ಬರುತ್ತದೆ. ಈ ಹಂತದಲ್ಲಿ ಪೂರ್ತಿ ಗುಣವಾಗುವುದು ಸಾಧ್ಯ. ಮುಂದೆ ಬೇರಿನ ಸುತ್ತಲಿನ ಎಲುಬು ಸವೆದರೆ ಅದು ಮತ್ತೆ ಬೆಳೆಯುವುದಿಲ್ಲ. ಹಲ್ಲಿಗಿರುವ ಆಧಾರದಲ್ಲಿ ಅರ್ಧಕ್ಕಿಂತ ಹೆಚ್ಚು ನಷ್ಟವಾದರೆ ಅದನ್ನು ನಾಲ್ಕನೆಯ, ಕೊನೆಯ ಹಂತವೆಂದು ಎಣಿಸುತ್ತಾರೆ. ಮೇಲಿನ ಕೋರೆಯ ಬೇರಿನಿಂದ ಮೂಗಿಗೆ ತೂತು ಬಿದ್ದು ಸೀನು, ಮೂಗು ಸೋರಿಕೆ ಶುರುವಾಗಬಹುದು. ಸಣ್ಣ ತಳಿಗಳಲ್ಲಿ ದವಡೆಯೇ ಮುರಿಯುವುದೂ ಉಂಟು. ತೀವ್ರ ಒಸಡುರೋಗಕ್ಕೂ ಹೃದಯ, ಯಕೃತ್ತು, ಮೂತ್ರಪಿಂಡದ ಬದಲಾವಣೆಗಳಿಗೂ ಸಂಬಂಧ ಕಂಡುಬಂದಿದೆ.

ಬಾಯಿ ನಾರುವುದು, ಒಂದೇ ಬದಿಯಲ್ಲಿ ಅಗಿಯುವುದು, ತುತ್ತು ಬಾಯಿಂದ ಬೀಳುವುದು, ಪಂಜದಿಂದ ಮೂತಿ ಉಜ್ಜಿಕೊಳ್ಳುವುದು ಮುಖ್ಯ ಲಕ್ಷಣಗಳು. ಕಣ್ಣಿನ ಕೆಳಗೆ ಬಾವು ಬಂದರೆ ಹಲವು ಸಲ ಅದಕ್ಕೆ ಮೇಲಿನ ಕತ್ತರಿ ಹಲ್ಲಿನ ಬೇರಿನಲ್ಲಿ ಕೀವಾಗಿರುವುದೇ ಕಾರಣ. ನೋವಿದ್ದರೂ ನಾಯಿ ಊಟ ಬಿಡುವುದು ಕಡಿಮೆ. ತಿನ್ನುತ್ತಿದೆ ಎಂದ ಮಾತ್ರಕ್ಕೆ ಹಲ್ಲು ಚೆನ್ನಾಗಿದೆ ಎನ್ನಲಾಗದು.

ಆಹಾರ ಮತ್ತು ಅಗಿಯುವ ವಸ್ತು

ಕುಮಟಾ–ಸಿರ್ಸಿ ರಸ್ತೆಯಲ್ಲಿ, ಯಾಣದ ಸನಿಹದ ಕತಗಾಲದಂಥ ಊರುಗಳಲ್ಲಿ ಮನೆ, ಅಡಿಕೆ ತೋಟ ಕಾಯಲು, ಮಂಗ ಹಂದಿಗಳನ್ನು ಬೆದರಿಸಲು ನಾಯಿ ಸಾಕುತ್ತಾರೆ. ಅದರ ಊಟ ಮನೆಯವರು ಉಣ್ಣುವುದೇ: ಅನ್ನ ಮಜ್ಜಿಗೆ, ಉಳಿದ ದೋಸೆ, ಮೀನು ತಿನ್ನುವ ಮನೆಗಳಲ್ಲಿ ಮೀನಿನ ಸಾರು. ಈ ಮೆತ್ತನೆಯ ಊಟ ಹಲ್ಲನ್ನು ಉಜ್ಜುವುದಿಲ್ಲ. ಹಾಗೆಂದು ಸಾಮಾನ್ಯ ಒಣ ಆಹಾರದಿಂದಲೂ ದೊಡ್ಡ ಲಾಭವಿಲ್ಲ, ಏಕೆಂದರೆ ಅದು ಕಚ್ಚಿದೊಡನೆ ಪುಡಿಯಾಗುತ್ತದೆ. ಹಲ್ಲಿಗೆಂದೇ ರೂಪಿಸಿದ ಆಹಾರ, ಚೂಯಿಂಗ್ ಕಡ್ಡಿಗಳನ್ನು ಪರಿಶೀಲಿಸಿ ಮುದ್ರೆ ಕೊಡಲು ಅಮೆರಿಕದಲ್ಲಿ 1997ರಿಂದ ವೆಟರ್ನರಿ ಓರಲ್ ಹೆಲ್ತ್ ಕೌನ್ಸಿಲ್ ಕೆಲಸ ಮಾಡುತ್ತಿದೆ.

ಎಲುಬು ಕೊಟ್ಟರೆ ಹಲ್ಲು ಶುಚಿಯಾಗುತ್ತದೆ ಎಂಬ ನಂಬಿಕೆ ಅಪಾಯಕಾರಿ. ಬೇಯಿಸಿದ ಕೋಳಿ ಎಲುಬು ಚೂಪಾಗಿ ಸೀಳಿ ಗಂಟಲು, ಕರುಳಿಗೆ ಚುಚ್ಚುತ್ತದೆ. ದಪ್ಪ ಎಲುಬು, ಜಿಂಕೆಯ ಕೊಂಬು, ಕಲ್ಲು ಕತ್ತರಿ ಹಲ್ಲನ್ನು ಸಿಗಿಯುತ್ತವೆ. ಉಗುರು ಒತ್ತಿದರೆ ಗುರುತು ಬೀಳದಷ್ಟು ಗಟ್ಟಿಯಿರುವ ಯಾವ ವಸ್ತುವೂ ನಾಯಿಗೆ ಅಗಿಯಲು ತಕ್ಕದ್ದಲ್ಲ. ಅಂಗಳದಲ್ಲಿ ಒಣಗುವ ಅಡಿಕೆಯನ್ನೂ ಬಾಯಿಗೆ ಹಾಕಲು ಬಿಡಬಾರದು. ಅದರಲ್ಲಿರುವ ಅರೆಕೋಲಿನ್ ಹಿಂದೆ ನಾಯಿಗಳ ಲಾಡಿಹುಳಕ್ಕೆ ಔಷಧಿಯಾಗಿತ್ತು. ಪ್ರಮಾಣ ಮೀರಿದರೆ ಜೊಲ್ಲು, ವಾಂತಿ, ಭೇದಿ ಆಗುತ್ತವೆ.

ಹಲ್ಲುಜ್ಜುವ ವಿಧಾನ

ಮರಿಯಿದ್ದಾಗಲೇ ತುಟಿ ಎತ್ತಿ ಒಸಡು ಸವರುವುದನ್ನು ರೂಢಿ ಮಾಡಿಸಬೇಕು. ಹಲ್ಲು ಬದಲಾಗುವ ತಿಂಗಳುಗಳಲ್ಲಿ ಒಸಡು ನೋಯುವುದರಿಂದ ಒತ್ತಾಯ ಸಲ್ಲದು. ದೊಡ್ಡ ನಾಯಿಗಾದರೆ ಮೊದಲ ಕೆಲವು ದಿನ ಬೆರಳು, ಆಮೇಲೆ ಬೆರಳಿಗೆ ಸುತ್ತಿದ ಒದ್ದೆ ಬಟ್ಟೆ, ಕೊನೆಗೆ ಮಕ್ಕಳ ಮೆತ್ತನೆಯ ಬ್ರಶ್. ಹೀಗೆ ಎರಡು ಮೂರು ವಾರದಲ್ಲಿ ಹೆಚ್ಚಿನ ನಾಯಿಗಳು ಒಗ್ಗುತ್ತವೆ. ಬಾಯಿ ಅಗಲಿಸುವ ಅಗತ್ಯವಿಲ್ಲ. ಬಾಯಿ ಮುಚ್ಚಿರುವಾಗಲೇ ಕೆನ್ನೆಯ ಒಳಗೆ ಬ್ರಶ್ ತೂರಿಸಿ, ಒಸಡಿನ ಅಂಚಿಗೆ 45 ಡಿಗ್ರಿ ಓರೆಯಾಗಿ ಹಿಡಿದು, ಸಣ್ಣ ಸುತ್ತು ಹಾಕುತ್ತ ಉಜ್ಜಬೇಕು. ನಾಲಿಗೆ ಆಡುವ ಒಳಬದಿಯಲ್ಲಿ ಕೊಳೆ ಕಡಿಮೆ. ಮೇಲಿನ ಹಿಂಬದಿ ಹಲ್ಲುಗಳ ಹೊರಮೈಯೇ ಮುಖ್ಯ. ದಿನವೂ ಉಜ್ಜುವುದು ಉತ್ತಮ. ದಿನ ಬಿಟ್ಟು ದಿನಕ್ಕಿಂತ ಕಡಿಮೆಯಾದರೆ ಪ್ರಯೋಜನ ಕುಗ್ಗುತ್ತದೆ.

ಮನುಷ್ಯರ ಪೇಸ್ಟ್ ಬಳಸಬಾರದು. ನಾಯಿ ಉಗುಳದೆ ನುಂಗುವುದರಿಂದ ಅದರಲ್ಲಿರುವ ಫ್ಲೋರೈಡ್, ನೊರೆ ಬರಿಸುವ ಅಂಶ ಹೊಟ್ಟೆ ಸೇರುತ್ತವೆ. ಕೆಲವು ಪೇಸ್ಟುಗಳಲ್ಲಿರುವ ಕ್ಸೈಲಿಟಾಲ್ ನಾಯಿಯ ರಕ್ತದ ಸಕ್ಕರೆಯನ್ನು ಹಠಾತ್ ಇಳಿಸಿ ಪ್ರಾಣ ತೆಗೆಯಬಲ್ಲದು. ಉಪ್ಪು, ಬೂದಿ, ಇದ್ದಿಲುಪುಡಿಯೂ ಬೇಡ. ನಾಯಿಗೆಂದೇ ಮಾಡಿದ ಪೇಸ್ಟ್ ಸಿಗದಿದ್ದರೆ ಬರಿ ನೀರು ಸಾಕು. ಪಾಚಿ ತೆಗೆಯುವುದು ಬ್ರಶ್ಶಿನ ಎಳೆಗಳೇ.

ವೈದ್ಯಕೀಯ ಶುಚಿ

ಗಾರೆ ಕಟ್ಟಿದ ಹಲ್ಲನ್ನು ಪಶುವೈದ್ಯರು ಅರಿವಳಿಕೆ ಕೊಟ್ಟು, ಶ್ವಾಸನಾಳಕ್ಕೆ ನಳಿಕೆ ಹಾಕಿ ಶುಚಿ ಮಾಡುತ್ತಾರೆ. ಅಲ್ಟ್ರಾಸಾನಿಕ್ ಸ್ಕೇಲರ್‌ನಿಂದ ಒಸಡಿನ ಮೇಲಿನ ಹಾಗೂ ಕೆಳಗಿನ ಗಾರೆ ತೆಗೆದು, ಒಸಡಿನ ಸಂದಿಯ ಆಳ ಅಳೆದು, ಎಕ್ಸ್‌ರೇಯಲ್ಲಿ ಬೇರು ನೋಡಿ, ಕೊನೆಗೆ ಹಲ್ಲಿಗೆ ಪಾಲಿಶ್ ಮಾಡುತ್ತಾರೆ. ಉಳಿಸಲಾಗದ ಹಲ್ಲನ್ನು ಕೀಳುತ್ತಾರೆ. ಅರಿವಳಿಕೆ ಇಲ್ಲದೆ ಕೆರೆಯುವುದನ್ನು ಸಣ್ಣ ಪ್ರಾಣಿ ಪಶುವೈದ್ಯರ ಜಾಗತಿಕ ಸಂಘವಾದ ವಸಾವಾ ಒಪ್ಪುವುದಿಲ್ಲ: ಹಲ್ಲು ಬೆಳ್ಳಗೆ ಕಂಡರೂ ರೋಗ ಒಸಡಿನಡಿ ಹಾಗೇ ಉಳಿಯುತ್ತದೆ. ಚಾಕು, ಉಗುರಿನಿಂದ ಮನೆಯಲ್ಲಿ ಗಾರೆ ಕೀಳುವುದಕ್ಕೂ ಇದೇ ಮಾತು ಸಲ್ಲುತ್ತದೆ. ರಾಜ್ಯದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಧೀನದಲ್ಲಿ, 1958ರಲ್ಲಿ ಆರಂಭವಾದ ಬೆಂಗಳೂರಿನ ಹೆಬ್ಬಾಳದ ಕಾಲೇಜು, ಶಿವಮೊಗ್ಗದ ಕಾಲೇಜು ಮೊದಲಾದೆಡೆ ಬೋಧನಾ ಆಸ್ಪತ್ರೆಗಳಿವೆ.

ರೇಬಿಸ್ ಎಚ್ಚರಿಕೆ

ಜೊಲ್ಲು ಸುರಿಸುತ್ತ, ಕೆಳದವಡೆ ಜೋತು, ನುಂಗಲಾಗದೆ ಒದ್ದಾಡುವ ನಾಯಿಯನ್ನು ಕಂಡರೆ ಗಂಟಲಲ್ಲಿ ಎಲುಬು ಸಿಕ್ಕಿದೆ ಎಂದೇ ತೋರುತ್ತದೆ. ರೇಬಿಸ್‌ನ ಪಾರ್ಶ್ವವಾಯು ರೂಪದಲ್ಲೂ ಇದೇ ಲಕ್ಷಣ. ಅಂಥ ನಾಯಿಯ ಬಾಯಿಗೆ ಕೈ ಹಾಕದೆ ಪಶುವೈದ್ಯರಿಗೆ ತಿಳಿಸಬೇಕು. ಜೊಲ್ಲು ಗಾಯಕ್ಕೆ ತಾಗಿದರೆ 15 ನಿಮಿಷ ಸೋಪು ನೀರಿನಿಂದ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಬೇಕು. ಹಲ್ಲುಜ್ಜುವ ರೂಢಿ ಲಸಿಕೆಯಾದ ಮನೆನಾಯಿಗಷ್ಟೇ ಸರಿ. ವರ್ಷಕ್ಕೊಮ್ಮೆ ರೇಬಿಸ್ ಲಸಿಕೆಗೆ ಕರೆದೊಯ್ದಾಗ ಅದರ ತುಟಿ ಎತ್ತಿ ಹಲ್ಲನ್ನೂ ನೋಡುವಂತೆ ವೈದ್ಯರನ್ನು ಕೇಳಿಕೊಳ್ಳಿ.