ಕೊಲ್ಲಲಿಲ್ಲ, ದೊಡ್ಡದು ಮಾಡಿದರು

ಕ್ಯಾನ್ಸರ್ ಅಂದ ಕೂಡಲೇ ನಮಗೆ ಗೊತ್ತಿರೋದು ಒಂದೇ ದಾರಿ. ಕೆಟ್ಟ ಜೀವಕೋಶ ಹುಡುಕು, ಕೊಲ್ಲು. ನಾನು ಓದಿದ್ದು ಇಂಜಿನಿಯರಿಂಗ್. ಅಲ್ಲೂ ಅಷ್ಟೇ, ಕೆಟ್ಟ ಪಾರ್ಟ್ ಬಿಚ್ಚಿ ಬಿಸಾಕು. ಆದರೆ ಶಾಂಘೈನ ರುಯಿಜಿನ್ ಆಸ್ಪತ್ರೆಯ ವೈದ್ಯ ವಾಂಗ್ ಝೆನ್‌ಯಿ ಬೇರೆಯದೇ ಪ್ರಶ್ನೆ ಕೇಳಿಕೊಂಡರು: ಕೆಟ್ಟದ್ದನ್ನು ತಿದ್ದೋಕೆ ಆಗಲ್ವಾ?

ಅವರ ಮುಂದಿದ್ದ ಶತ್ರು ಎಪಿಎಲ್ ಎಂಬ ರಕ್ತದ ಕ್ಯಾನ್ಸರ್. 1957ರಲ್ಲಿ ನಾರ್ವೆಯ ಹಿಲ್ಲೆಸ್ಟಾಡ್ ಇದನ್ನು ಗುರುತಿಸಿದ್ದರು. ಮೂಳೆಮಜ್ಜೆಯಲ್ಲಿ ಹುಟ್ಟುವ ಬಿಳಿ ರಕ್ತಕಣ ಹಂತ ಹಂತವಾಗಿ ಬೆಳೆದು ಕೆಲಸ ಮಾಡಿ ಸಾಯಬೇಕು. ಎಪಿಎಲ್‌ನಲ್ಲಿ ಅದು ಅರ್ಧಕ್ಕೇ ನಿಲ್ಲುತ್ತೆ. ಬಲಿಯೋದೂ ಇಲ್ಲ, ಸಾಯೋದೂ ಇಲ್ಲ, ಬರೀ ಹೆಚ್ಚಾಗುತ್ತೆ. ರಕ್ತ ಹೆಪ್ಪುಗಟ್ಟುವ ವ್ಯವಸ್ಥೆ ಕೆಡುತ್ತೆ. ಎಷ್ಟೋ ಜನ ರಕ್ತಸ್ರಾವದಿಂದಲೇ ಸಾಯುತ್ತಿದ್ದರು.

ಲ್ಯುಕೇಮಿಯಾ ಕಣಗಳನ್ನು ಪ್ರಯೋಗಾಲಯದಲ್ಲಿ ಬಲಿಯುವಂತೆ ಮಾಡಬಹುದು ಎಂದು ಇಸ್ರೇಲಿನ ಲಿಯೊ ಸ್ಯಾಕ್ಸ್ ಮೊದಲೇ ತೋರಿಸಿದ್ದರು. ವಿಟಮಿನ್ 'ಎ' ಕುಲದ ರೆಟಿನೋಯಿಕ್ ಆಮ್ಲಕ್ಕೆ ಆ ಶಕ್ತಿ ಇದೆ ಎಂದು 1980ರಲ್ಲಿ ಅಮೆರಿಕದವರು ಕಂಡುಕೊಂಡರು. ಆದರೆ ಗಾಜಿನ ತಟ್ಟೆ ಬೇರೆ, ಮನುಷ್ಯ ಬೇರೆ ಅಲ್ವಾ?

1985. ಐದು ವರ್ಷದ ಹುಡುಗಿ. ಕೀಮೋ ಕೈಕೊಟ್ಟಿತ್ತು. ಮಗುವಿಗೆ ಏನಾದರೂ ಆದರೆ ಕೆಟ್ಟ ಹೆಸರು ವಾಂಗ್ ಅವರಿಗೇ. ಆದರೂ 'ಆಟ್ರಾ' ಎಂಬ ಆ ಔಷಧ ಕೊಟ್ಟರು. ಮಗು ಚೇತರಿಸಿಕೊಂಡಿತು! 1988ರಲ್ಲಿ ಅವರ ತಂಡ 24 ರೋಗಿಗಳ ಲೆಕ್ಕ ಮುಂದಿಟ್ಟಿತು. 23 ಮಂದಿಯಲ್ಲಿ ಇದೊಂದೇ ಔಷಧಕ್ಕೆ ರೋಗದ ಗುರುತು ಮಾಯವಾಗಿತ್ತು.

ಯಾಕೆ ಅನ್ನೋದು ಗೊತ್ತಾಗಿದ್ದು ಆಮೇಲೆ. 15 ಮತ್ತು 17ನೇ ಕ್ರೋಮೋಸೋಮುಗಳ ತುಂಡುಗಳು ಅದಲುಬದಲಾಗಿ ಹುಟ್ಟುವ ಒಂದು ಪ್ರೋಟೀನು ಬೆಳವಣಿಗೆಗೆ ಬೀಗ ಹಾಕುತ್ತೆ. ಆಟ್ರಾ ಆ ಬೀಗ ತೆಗೆಯುತ್ತೆ. ನಮ್ಮ ಕಾಲೇಜಿನಲ್ಲಿ ಮೊದಲು ಥಿಯರಿ, ಆಮೇಲೆ ಮಷೀನು. ಇಲ್ಲಿ ಉಲ್ಟಾ.

ಕಥೆ ಅಲ್ಲಿಗೇ ಸುಖಾಂತ್ಯವಾಗಲಿಲ್ಲ. ಆಟ್ರಾ ಒಂದನ್ನೇ ಕೊಟ್ಟರೆ ರೋಗ ಮತ್ತೆ ಬರುತ್ತಿತ್ತು. ಅದಕ್ಕೆ ಕೀಮೋ ಜೋಡಿಸಿದರು. ಆಮೇಲೆ ಸಿಕ್ಕ ಜೊತೆಗಾರ ಯಾರು ಗೊತ್ತಾ? ಪಾಷಾಣ! ಹಾರ್ಬಿನ್‌ನ ಝಾಂಗ್ ಟಿಂಗ್‌ಡಾಂಗ್ 1970ರ ದಶಕದಲ್ಲೇ ಪರೀಕ್ಷಿಸಿದ್ದ ಆರ್ಸೆನಿಕ್. 2013ರ ಇಟಲಿ-ಜರ್ಮನಿ ಅಧ್ಯಯನದಲ್ಲಿ, ಅಪಾಯ ಹೆಚ್ಚಿಲ್ಲದ ರೋಗಿಗಳಿಗೆ ಕೀಮೋ ಇಲ್ಲದೆ ಇವೆರಡನ್ನೇ ಕೊಟ್ಟಾಗ, ಎರಡು ವರ್ಷದ ನಂತರ ಹೆಚ್ಚುಕಡಿಮೆ ಎಲ್ಲರೂ ಬದುಕಿದ್ದರು.

ಒಂದು ಮಾತು. ಇದನ್ನು ಓದಿ ವಿಟಮಿನ್ ಮಾತ್ರೆ ನುಂಗಬೇಡಿ. ಈ ಬೀಗದ ಕೈ ಎಪಿಎಲ್ ಒಂದಕ್ಕೇ. ಅದಕ್ಕೂ ಅಡ್ಡಪರಿಣಾಮ ಇದೆ, ಆಸ್ಪತ್ರೆಯಲ್ಲಿ ವೈದ್ಯರ ಕಣ್ಣೆದುರೇ ಕೊಡಬೇಕು. ಉಳಿದ ಲ್ಯುಕೇಮಿಯಾಗಳ ಬೀಗಗಳಿಗೆ ಹುಡುಕಾಟ ನಡೆದೇ ಇದೆ.

ದಿನಾ ರಾತ್ರಿ ಸ್ಟುಡಿಯೋದಲ್ಲಿ 'ಮುಗಿಸಿಬಿಡಿ' ಅನ್ನುವ ಕೂಗು ಕೇಳುವವನು ನಾನು. ಆಗೆಲ್ಲ ಆ ಐದು ವರ್ಷದ ಮಗು ನೆನಪಾಗುತ್ತೆ.