ಹಾಜರಿ ಹಾಕಿ ಆಡಿದವರು

ನಮ್ಮ ಹುಲಗೋಳದ ಕಡೆ ಆಟ ಅಂದರೆ ವಾಲಿಬಾಲ್. ಮನೆಯ ಅಂಗಳ, ಎರಡು ಅಡಿಕೆ ಮರದ ಕಂಬ, ನಡುವೆ ಒಂದು ನೆಟ್ಟು ಇದ್ದರೆ ಸಾಕು. ಫುಟ್‌ಬಾಲ್ ಆಡುವಷ್ಟು ಸಪಾಟು ಜಾಗ ಎಲ್ಲಾದರೂ ಇದ್ದರೆ ಅದು ಗದ್ದೆ. ಹಾಗಾಗಿ ನಾನು ಫುಟ್‌ಬಾಲ್ ಕಂಡಿದ್ದೇ ಬೆಂಗಳೂರಿನ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದ ಮೇಲೆ.

ನಮ್ಮ ಸೆಕ್ಷನ್ನಿನಲ್ಲಿ ಒಬ್ಬ ಲೆಫ್ಟ್ ವಿಂಗರ್ ಇದ್ದ, ಹಲಸೂರಿನವನು. ಬೆಳಿಗ್ಗೆ ನಮ್ಮ ಜೊತೆಗೇ ಕಾರ್ಡ್ ಪಂಚ್ ಮಾಡುತ್ತಿದ್ದ. ಮಧ್ಯಾಹ್ನದ ಊಟದ ಗಂಟೆ ಹೊಡೆಯುತ್ತಲೇ ಕೈಯ ಗ್ರೀಸನ್ನು ಕಾಟನ್ ವೇಸ್ಟಿನಲ್ಲಿ ಒರೆಸಿಕೊಂಡು, ಬೂಟಿನ ಚೀಲ ಹೆಗಲಿಗೆ ಹಾಕಿ ಗ್ರೌಂಡಿಗೆ ಹೊರಟುಬಿಡುತ್ತಿದ್ದ. ಊರಿಂದ ಬಂದ ಅಪ್ಪಯ್ಯ ಇದನ್ನು ಕೇಳಿ ದಂಗಾಗಿದ್ದರು: ‘ಚೆಂಡು ಒದಿಯದಕ್ಕೂ ಸಂಬಳ ಕೊಡ್ತ್ವನಾ ತಮಾ?’

ಕೊಡುತ್ತಿದ್ದರು. ಬೆಂಗಳೂರಿನ ಫುಟ್‌ಬಾಲ್ ದಶಕಗಟ್ಟಲೆ ಬದುಕಿದ್ದೇ ಹಾಗೆ. 1948ರ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್, ಅದೇ ತಂಡದ ಅಹ್ಮದ್ ಖಾನ್ ಇಬ್ಬರೂ ಈ ಊರಿನವರೇ. ಮೈಸೂರು ರಾಜ್ಯದ ತಂಡ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ಗೆದ್ದಿತ್ತು. ಆಟಗಾರ ಬರುತ್ತಿದ್ದುದು ಹಲಸೂರು, ಗೌತಮಪುರ, ಆಸ್ಟಿನ್‌ಟೌನಿನ ಗಲ್ಲಿಗಳಿಂದ. ಅವನ ಮನೆಯ ಅಕ್ಕಿ ಬೇಯುತ್ತಿದ್ದುದು ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆಗಳ ಸಂಬಳದಲ್ಲಿ, ಇಲ್ಲವೇ ಎಂಇಜಿಯಂಥ ಸೇನಾ ತುಕಡಿಗಳ ಸಂಬಳದಲ್ಲಿ. ಮೊಣಕಾಲು ಕೈಕೊಟ್ಟರೂ ನೌಕರಿ ಉಳಿಯುತ್ತಿತ್ತು, ನಿವೃತ್ತಿಯ ಹಣ ಬರುತ್ತಿತ್ತು.

ನಾವಷ್ಟೇ ಹೀಗೆ ಅಂದುಕೊಳ್ಳಬೇಡಿ. ಪಶ್ಚಿಮ ಜರ್ಮನಿಯಲ್ಲಿ 1963ರವರೆಗೆ ಇಡೀ ದೇಶಕ್ಕೊಂದು ಲೀಗೇ ಇರಲಿಲ್ಲ. ಪ್ರಾಂತ್ಯಕ್ಕೊಂದು ಲೀಗ್ ನಡೆಯುತ್ತಿತ್ತು, ಆಡುವವರಲ್ಲಿ ಬಹಳ ಮಂದಿಗೆ ಬೇರೆ ಉದ್ಯೋಗವೂ ಇತ್ತು. ಆ ವರ್ಷ ಆಗಸ್ಟ್ 24ರಂದು 16 ತಂಡಗಳೊಂದಿಗೆ ಬುಂಡೆಸ್‌ಲಿಗಾ ಶುರುವಾಯಿತು. ಮೊದಲ ನಿಮಿಷ ತುಂಬುವ ಮೊದಲೇ ಡಾರ್ಟ್‌ಮುಂಡಿನ ಟಿಮೊ ಕೊನಿಯೆಟ್ಸ್ಕಾ ಗೋಲು ಹೊಡೆದ. ಕ್ಯಾಮೆರಾದವರೆಲ್ಲ ಇನ್ನೊಂದು ಗೋಲಿನ ಹಿಂದೆ ನಿಂತಿದ್ದರಂತೆ. ಆ ಚರಿತ್ರಾರ್ಹ ಗೋಲಿನ ಒಂದು ಚಿತ್ರವೂ ಇಲ್ಲ! ಸೀಸನ್ನಿನ ಕೊನೆಗೆ ಕಲೋನ್ ತಂಡ ಗೆದ್ದಿತು.

ಆಟವೇ ಉದ್ಯೋಗವಾಗುವ ಅಂಥ ಬದಲಾವಣೆ ಬೆಂಗಳೂರಿಗೆ ಬರಲು ಇನ್ನೂ ಐವತ್ತು ವರ್ಷ ಹಿಡಿಯಿತು. ಅಷ್ಟರಲ್ಲಿ ಕಾರ್ಖಾನೆಗಳು ಸೊರಗಿದ್ದವು, ಕ್ರೀಡಾ ಕೋಟಾದ ನೇಮಕಾತಿ ಬತ್ತಿತ್ತು. 2012ರಲ್ಲಿ ಎಚ್‌ಎಎಲ್ ತಂಡ ಕೊನೆಯ ಸ್ಥಾನಕ್ಕೆ ಕುಸಿದು, ದೇಶದ ಆಗಿನ ಅಗ್ರ ಲೀಗಾದ ಐ-ಲೀಗ್‌ನಿಂದ ಹೊರಬಿತ್ತು. ಮುಂದಿನ ಸೀಸನ್ನಿನಲ್ಲಿ ಬೆಂಗಳೂರಿನದೆನ್ನುವ ಒಂದು ತಂಡವೂ ಅದರಲ್ಲಿ ಇರಲಿಲ್ಲ.

2013ರ ಜುಲೈಯಲ್ಲಿ ಜೆಎಸ್‌ಡಬ್ಲ್ಯು ಸಂಸ್ಥೆ ಬೆಂಗಳೂರು ಎಫ್‌ಸಿ ಕಟ್ಟಿತು. ಕೋಚ್ ಇಂಗ್ಲೆಂಡಿನ ಆಶ್ಲಿ ವೆಸ್ಟ್‌ವುಡ್, ನಾಯಕ ಸುನಿಲ್ ಛೆಟ್ರಿ. ಸೆಪ್ಟೆಂಬರ್ 22ರಂದು ಅಶೋಕನಗರದ ಹಳೇ ಸ್ಟೇಡಿಯಮ್ಮಿನಲ್ಲಿ ಮೋಹನ್ ಬಗಾನ್ ಜೊತೆ ಮೊದಲ ಪಂದ್ಯ, 1–1. ಸಿಮೆಂಟು ಮೆಟ್ಟಿಲ ಮೇಲೆ ನನ್ನ ಪಕ್ಕ ಅದೇ ಲೆಫ್ಟ್ ವಿಂಗರ್ ಕೂತಿದ್ದ, ತಲೆ ಪೂರ್ತಿ ನರೆತಿತ್ತು. ಎಂಬತ್ತು ನಿಮಿಷವಾದರೂ ಹುಡುಗರ ಓಟ ತಗ್ಗದ್ದನ್ನು ಕಂಡು ಹೇಳಿದ: ‘ಇವರಿಗೆ ನಾಳೆ ಬೆಳಿಗ್ಗೆ ಪಂಚಿಂಗ್ ಇಲ್ಲ, ನೋಡಿ ಭಟ್ರೇ.’ ಅಸೂಯೆಯಲ್ಲಿ ಹೇಳಿದನೋ ಮೆಚ್ಚಿ ಹೇಳಿದನೋ, ನನಗೆ ಇವತ್ತಿಗೂ ಬಗೆಹರಿದಿಲ್ಲ.

2014ರ ಏಪ್ರಿಲ್‌ನಲ್ಲಿ ಮತ ಹಾಕಲು ಊರಿಗೆ ಬಂದವನು ಮನೆಯ ಉಪನಯನಕ್ಕೆಂದು ಉಳಿದುಕೊಂಡಿದ್ದೆ. 21ರ ಸಂಜೆ ಅಂಗಳದಲ್ಲಿ ಚಪ್ಪರದ ಕೆಲಸ ನಡೆದಿತ್ತು. ಸಿಗ್ನಲ್ ಸಿಗುವ ಗುಡ್ಡದ ನೆತ್ತಿಗೆ ಹತ್ತಿ ನಿಂತಾಗ ಆ ಲೆಫ್ಟ್ ವಿಂಗರನದೇ ಫೋನು: ಗೋವಾದಲ್ಲಿ ಡೆಂಪೊ ವಿರುದ್ಧ 4–2, ಬೆಂಗಳೂರು ಎಫ್‌ಸಿ ಮೊದಲ ಸೀಸನ್ನಿನಲ್ಲೇ ಐ-ಲೀಗ್ ಚಾಂಪಿಯನ್! ಛೆಟ್ರಿಯದು ಲೀಗಿನಲ್ಲಿ ಒಟ್ಟು 14 ಗೋಲು. ಕೆಳಗಿಳಿದು ಬಂದು ಹೇಳಿದರೆ ಮನೆಯಲ್ಲಿ ಯಾರಿಗೂ ತಲೆಬುಡ ತಿಳಿಯಲಿಲ್ಲ.

ಮುಂದೆ ಕ್ಲಬ್ಬು ಕಂಠೀರವ ಸ್ಟೇಡಿಯಮ್ಮಿಗೆ ಹೋಯಿತು. ಕರ್ನಾಟಕ 2023ರ ಮಾರ್ಚ್‌ನಲ್ಲಿ, 54 ವರ್ಷಗಳ ನಂತರ, ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಅಶೋಕನಗರದ ಸ್ಟೇಡಿಯಮ್ಮಿನಲ್ಲಿ ಸ್ಥಳೀಯ ಲೀಗ್ ಪಂದ್ಯಗಳು ಈಗಲೂ ನಡೆಯುತ್ತವೆ. ಬೆಂಗಳೂರಿನಲ್ಲಿರುವ ನಮ್ಮ ಕಡೆಯ ಹುಡುಗರೇ, ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಹೋಗಿ ಆ ಮೆಟ್ಟಿಲ ಮೇಲೆ ಕೂತು ಬನ್ನಿ.