ಬೇಸ್ ಗಿಟಾರಿನ ‘ಗುಂಯ್’ ಸದ್ದಿಗೂ ಒಂದು ಚರಿತ್ರೆ

ನಮ್ಮ ಮಂಚೇನಹಳ್ಳಿ ಕಡೆ ಜಾತ್ರೆ, ಗಣೇಶನ ಹಬ್ಬ, ರಾಜ್ಯೋತ್ಸವ ಅಂದ್ರೆ ಒಂದು ಆರ್ಕೆಸ್ಟ್ರಾ ಇರಲೇಬೇಕು. ಕೀಬೋರ್ಡು, ರಿದಂ ಪ್ಯಾಡು, ಇಬ್ಬರು ಹಾಡುವವರು, ಮತ್ತೆ ಮೂಲೆಯಲ್ಲಿ ಯಾರ ಕಣ್ಣಿಗೂ ಬೀಳದೆ ನಿಂತಿರುವ ಬೇಸ್ ಗಿಟಾರಿನವನು. ಅವನು ನುಡಿಸುವುದು ಜನಕ್ಕೆ ಗೊತ್ತಾಗಲ್ಲ, ನಿಲ್ಲಿಸಿದರೆ ಮಾತ್ರ ಏನೋ ಕಮ್ಮಿಯಾಯ್ತು ಅನ್ನಿಸುತ್ತೆ. ಆದರೆ ಅವನ ಗಿಟಾರಿನಿಂದ ಆಗಾಗ ಹೊರಡುವ ‘ಗುಂಯ್’ ಮಾತ್ರ ಎಲ್ಲರಿಗೂ ಕೇಳುತ್ತೆ :) ಒಂದು ಸಲ ಬರುತ್ತೆ, ಒಂದು ಸಲ ಬರಲ್ಲ. ಈ ಸದ್ದು ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದರೆ ದಾರಿ ಶಿವನಸಮುದ್ರದ ತನಕ ಹೋಗುತ್ತೆ. ಬಹಳ ದಿನದಿಂದ ಬರೆಯಬೇಕು ಅಂದುಕೊಂಡಿದ್ದೆ, ಇವತ್ತು ಕೂತಿದ್ದೀನಿ.

ಮೊದಲು ಪಿಕಪ್ ಅಂದ್ರೇನು ನೋಡೋಣ. ಒಂದಿಷ್ಟು ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ಸಣ್ಣ ತಾಮ್ರದ ತಂತಿ, ಸಾವಿರಾರು ಸುತ್ತು. ಅಷ್ಟೇ. ಮೇಲಿನ ಉಕ್ಕಿನ ತಂತಿ ಅದುರಿದರೆ ಸುರುಳಿಯಲ್ಲಿ ಸಣ್ಣ ಕರೆಂಟು ಹುಟ್ಟುತ್ತೆ. ಫ್ಯಾರಡೆ 1831ರಲ್ಲಿ ಕಂಡುಕೊಂಡ ಸೂತ್ರ ಇದು. ಅದನ್ನು ಗಿಟಾರಿಗೆ ಕಟ್ಟಿ ಗೆದ್ದವನು ಅಮೆರಿಕದ ಜಾರ್ಜ್ ಬೋಶಾಂ, 1931ರಲ್ಲಿ. ರಿಕನ್‌ಬ್ಯಾಕರ್ ಜೊತೆ ಸೇರಿ ಮಾಡಿದ ಆ ಅಲ್ಯೂಮಿನಿಯಂ ಗಿಟಾರು ನೋಡೋಕೆ ದೋಸೆ ಹಂಚಿಗೆ ಉದ್ದನೆ ಹಿಡಿ ಹಾಕಿದ ಹಾಗಿತ್ತು. ಅದಕ್ಕೇ ‘ಫ್ರೈಯಿಂಗ್ ಪ್ಯಾನ್’ ಅಂತ ಹೆಸರು ಬಂತು.

ಬೋಶಾಂ ಮಾಡಿದ ಸುರುಳಿಗೆ ಒಂದು ಹುಟ್ಟುಗುಣ ಇದೆ. ಅದಕ್ಕೆ ತನ್ನವರು, ಪರರು ಅನ್ನೋ ಭೇದ ಗೊತ್ತಿಲ್ಲ. ಗಿಟಾರಿನ ತಂತಿ ಅದುರಿದರೂ ಕರೆಂಟು ಕೊಡುತ್ತೆ, ಪಕ್ಕದ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರ ಅಲುಗಾಡಿದರೂ ಕೊಡುತ್ತೆ. ನಮ್ಮ ಮನೆ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಡುತ್ತೆ ಅಲ್ವಾ, ಅದೇ ‘ಗುಂಯ್’. ಇನ್ನೊಂದು ತಮಾಷೆ ನೋಡಿ. ಬೇಸ್‌ನ ಅತಿ ದಪ್ಪ ತಂತಿಯ ಮೂರನೇ ಮನೆ ಒತ್ತಿದರೆ ಬರುವ ‘ಜಿ’ ಸ್ವರ 49 ಸೈಕಲ್. ಅಂದ್ರೆ ನಮ್ಮ ದೇಶದ ಕರೆಂಟು ಸುಮಾರಾಗಿ ‘ಜಿ’ಯಲ್ಲಿ ಹಾಡುತ್ತೆ! ಅಮೆರಿಕದಲ್ಲಿ ಕರೆಂಟು 60 ಸೈಕಲ್, ಅಲ್ಲಿನ ಗುಂಯ್ ‘ಬಿ’ ಸ್ವರದ ಹತ್ತಿರ.

ಹಾಗಾದ್ರೆ ನಮ್ಮ ಕಡೆ ಕರೆಂಟು ಮೊದಲಿಂದಲೂ ಇದೇ ಶ್ರುತಿಯಲ್ಲಿ ಇತ್ತಾ? ಇಲ್ಲ. 1902ರ ಜೂನ್‌ನಲ್ಲಿ ಶಿವನಸಮುದ್ರದಿಂದ ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿಯಿತು. (ಏಷ್ಯಾದಲ್ಲೇ ಮೊದಲ ಜಲವಿದ್ಯುತ್ ಅಂತ ಎಲ್ಲರೂ ಬರೆಯುತ್ತಾರೆ. ಡಾರ್ಜಿಲಿಂಗ್ ಹತ್ತಿರ 1897ರಲ್ಲೇ ಒಂದು ಸಣ್ಣ ಕೇಂದ್ರ ಶುರುವಾಗಿತ್ತು. ಆದರೆ ಅಷ್ಟು ದೂರ ತಂತಿ ಎಳೆದ ಹೆಗ್ಗಳಿಕೆ ನಮ್ಮದೇ.) ಆ ಕರೆಂಟು ಗಣಿಯ ದೊಡ್ಡ ಮೋಟರುಗಳಿಗಾಗಿ ತಯಾರಾದದ್ದು, 25 ಸೈಕಲ್. ಬೆಂಗಳೂರಿನ ಬೀದಿದೀಪ ಹತ್ತಿದ್ದು ಆಮೇಲೆ, 1905ರ ಆಗಸ್ಟಿನಲ್ಲಿ. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಗಣಿ ನಿಲ್ಲಬಾರದು ಅನ್ನೋದು ಕನ್ನಂಬಾಡಿ ಕಟ್ಟೆ ಕಟ್ಟಲು ಇದ್ದ ಕಾರಣಗಳಲ್ಲಿ ಒಂದು. ಅದರ ಹಿಂದೆ ನಿಂತ ವಿಶ್ವೇಶ್ವರಯ್ಯನವರು ನಮ್ಮ ಪಕ್ಕದ ಮುದ್ದೇನಹಳ್ಳಿಯವರು. ಆ 25 ಸೈಕಲ್ ಕಾಲದಲ್ಲಿ ಯಾರಾದರೂ ಕೆಜಿಎಫ್‌ನಲ್ಲಿ ಬೇಸ್ ಗಿಟಾರ್ ಹಚ್ಚಿದ್ದರೆ ಗುಂಯ್ ಅನ್ನೋದು ಇನ್ನೂ ಒಂದು ಸ್ಥಾಯಿ ಕೆಳಗೆ, ಕಿವಿಗಿಂತ ಎದೆಗೆ ಕೇಳಿಸುತ್ತಿತ್ತೇನೋ! ಮುಂದೆ ರಾಜ್ಯವೆಲ್ಲ 50ಕ್ಕೆ ಬಂತು.

ಇನ್ನು ಬೇಸ್ ಕಡೆ ಬರೋಣ. ಲಿಯೋ ಫೆಂಡರ್ 1951ರಲ್ಲಿ ತಂದ ಪ್ರಿಸಿಷನ್ ಬೇಸ್‌ನಲ್ಲಿ ಒಂದೇ ಸುರುಳಿ, ಹಾಗಾಗಿ ಗುಂಯ್ ಧಾರಾಳ. 1955ರಲ್ಲಿ ಗಿಬ್ಸನ್ ಕಂಪನಿಯ ಸೆತ್ ಲವರ್ ಎರಡು ಸುರುಳಿಯ ಉಪಾಯ ಮಾಡಿದ. ಎರಡನ್ನೂ ಒಂದಕ್ಕೊಂದು ತಿರುವುಮುರುವಾಗಿ ಜೋಡಿಸಿದರೆ ಹೊರಗಿನ ಸದ್ದು ಒಂದರಲ್ಲಿ ಕೂಡುತ್ತೆ, ಇನ್ನೊಂದರಲ್ಲಿ ಕಳೆಯುತ್ತೆ, ಉಳಿಯೋದು ಸೊನ್ನೆ. ಅಯಸ್ಕಾಂತಗಳನ್ನೂ ತಿರುಗಿಸಿರುವುದರಿಂದ ತಂತಿಯ ನಾದ ಮಾತ್ರ ಹಾಗೇ ಉಳಿಯುತ್ತೆ. 1957ರಲ್ಲಿ ಫೆಂಡರ್ ಕೂಡ ಪ್ರಿಸಿಷನ್ ಬೇಸ್‌ನ ಸುರುಳಿಯನ್ನು ಎರಡು ತುಂಡು ಮಾಡಿ ಇದೇ ಉಪಾಯ ಹಿಡಿದ. 1960ರ ಜಾಝ್ ಬೇಸ್‌ನಲ್ಲಿ ಎರಡು ಪಿಕಪ್, ಎರಡು ವಾಲ್ಯೂಮ್. ಎರಡನ್ನೂ ಸಮ ಇಟ್ಟರೆ ಸದ್ದು ಸತ್ತುಹೋಗುತ್ತೆ, ಒಂದನ್ನು ಇಳಿಸಿದರೆ ಮತ್ತೆ ಎದ್ದು ಕೂರುತ್ತೆ.

‘ಒಂದು ಸಲ ಬರುತ್ತೆ, ಒಂದು ಸಲ ಬರಲ್ಲ’ ಅನ್ನೋ ದೂರಿನ ಅರ್ಧ ಉತ್ತರ ಇಲ್ಲೇ ಇದೆ. ಅದು ರಿಪೇರಿಯಲ್ಲ, ಅದರ ಜಾತಕ.

ಉಳಿದರ್ಧ? ನಮ್ಮೂರ ತಂಡದ ಹುಡುಗ ಒಬ್ಬ ಅಂಥದೇ ನಮೂನೆಯ ಸೆಕೆಂಡ್ ಹ್ಯಾಂಡ್ ಬೇಸ್ ತಂದು ಮುಂದೆ ಇಟ್ಟ. ಕ್ರಮವಾಗಿ ನೋಡುತ್ತಾ ಹೋದೆವು. ಮೊದಲು ಬೇರೆ ಕೇಬಲ್ ಹಾಕಿದ್ವಿ. ಹೋಗಲಿಲ್ಲ. ಜಾಕ್ ಅಲ್ಲಾಡಿಸಿದ್ವಿ. (ಈ ದಪ್ಪ ಜಾಕ್ ಇದೆಯಲ್ಲ, ಇದು 19ನೇ ಶತಮಾನದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹುಟ್ಟಿದ್ದು!) ಅಲ್ಲಾಡಿಸಿದಾಗ ‘ಕರಕರ’ ಅಂದ್ರೆ ಒಳಗಿನ ಪತ್ತಿ ಸಡಿಲ ಅಥವಾ ಬೆಸುಗೆ ಬಿಟ್ಟಿದೆ ಅಂತ. ಅದೂ ಇರಲಿಲ್ಲ. ವಾಲ್ಯೂಮ್ ತಿರುಗಿಸುವಾಗ ಮಾತ್ರ ಚರಚರ ಅಂದ್ರೆ ಅದು ಧೂಳು. ಅದೂ ಅಲ್ಲ.

ಕೊನೆಗೆ ತಂತಿ ಮುಟ್ಟಿ ನೋಡಿದ್ವಿ. ಒಳ್ಳೆ ಸ್ಥಿತಿಯ ಗಿಟಾರಿನಲ್ಲಿ ತಂತಿ ಮುಟ್ಟಿದರೆ ಗುಂಯ್ ತಗ್ಗಬೇಕು. ಯಾಕಂದ್ರೆ ನಮ್ಮ ದೇಹವೇ ಒಂದು ಆಂಟೆನಾ. ತಂತಿಗಳು ಬ್ರಿಡ್ಜ್ ಕೆಳಗಿನ ಒಂದು ವೈರಿನ ಮೂಲಕ ಅರ್ತ್‌ಗೆ ಸೇರಿರುತ್ತವೆ, ಮುಟ್ಟಿದಾಗ ದೇಹದ ಸದ್ದೂ ಅರ್ತ್‌ಗೆ ಇಳಿಯುತ್ತೆ. ಈ ಬೇಸ್‌ನಲ್ಲಿ ಬ್ರಿಡ್ಜ್ ಮೇಲೆ ಅಂಗೈ ಒತ್ತಿದರೆ ಮೌನ, ಕೈ ಹಗುರ ಮಾಡಿದರೆ ಗುಂಯ್. ಮಲ್ಟಿಮೀಟರ್ ಹಚ್ಚಿದರೆ ‘ಬೀಪ್’ ಕೂಡ ಹಾಗೇ ಬಂದು ಹೋಗುತ್ತಿತ್ತು. ಬ್ರಿಡ್ಜ್ ಬಿಚ್ಚಿದರೆ ಕೆಳಗೆ ಸುಮ್ಮನೆ ಮಡಚಿಟ್ಟ ವೈರು ಬೆವರು ಕುಡಿದು ಹಸಿರಾಗಿ ಕೂತಿತ್ತು. ಉಪ್ಪುಕಾಗದದಲ್ಲಿ ಉಜ್ಜಿ, ಹರಡಿ, ಮತ್ತೆ ಸ್ಕ್ರೂ ಬಿಗಿದ್ವಿ. ಆಯ್ತು. ಖರ್ಚು ಸೊನ್ನೆ.

ಅಷ್ಟರಲ್ಲಿ ಹುಡುಗ ಕೇಳಿದ, “ಅಣ್ಣಾ, ಇಷ್ಟೆಲ್ಲಾ ಯಾಕೆ, ಆಂಪ್ ಪ್ಲಗ್ಗಿನ ಮೂರನೇ ಪಿನ್ನು ಕಿತ್ತಾಕಿದ್ರೆ ಸದ್ದು ಹೋಗುತ್ತಂತಲ್ಲ?”

ಹೋಗುತ್ತೆ. ಕೆಲವು ಸಲ ನಿಜವಾಗಲೂ ಹೋಗುತ್ತೆ. ಎರಡು ಯಂತ್ರಗಳು ಬೇರೆ ಬೇರೆ ಕಡೆ ಅರ್ತ್ ಆದಾಗ ಹುಟ್ಟುವ ಗುಂಯ್ ಒಂದರ ಅರ್ತ್ ಕಿತ್ತರೆ ನಿಲ್ಲುತ್ತೆ. ಜೊತೆಗೆ ಜೀವವೂ ಹೋಗಬಹುದು. 1972ರ ಮೇ ತಿಂಗಳಲ್ಲಿ ವೇಲ್ಸ್‌ನ ಸ್ವಾನ್ಸಿಯಲ್ಲಿ ‘ಸ್ಟೋನ್ ದ ಕ್ರೋಸ್’ ತಂಡದ ಗಿಟಾರ್ ವಾದಕ ಲೆಸ್ ಹಾರ್ವೆ ಅರ್ತ್ ಇಲ್ಲದ ಮೈಕ್ ಮುಟ್ಟಿ ವೇದಿಕೆಯಲ್ಲೇ ಸತ್ತ. 1976ರಲ್ಲಿ ‘ಯಾರ್ಡ್‌ಬರ್ಡ್ಸ್’ನ ಹಾಡುಗಾರ ಕೀತ್ ರೆಲ್ಫ್ ಸರಿಯಾಗಿ ಅರ್ತ್ ಆಗದ ಗಿಟಾರ್ ನುಡಿಸುತ್ತಾ ಮನೆಯಲ್ಲೇ ಸತ್ತ. ಗಿಟಾರಿನ ತಂತಿ ನೇರವಾಗಿ ಆಂಪ್‌ನ ಲೋಹದ ಮೈಗೆ ಸೇರಿರುತ್ತೆ ಅಂದೆನಲ್ಲ. ಆ ಮೈಗೆ ಕರೆಂಟು ಸೋರಿದರೆ, ಬೆರಳು ತಂತಿಯ ಮೇಲೆ, ತುಟಿ ಮೈಕಿನ ಮೇಲೆ. ನಡುವೆ ಎದೆ.

ನಮ್ಮ ಕಡೆ ಈ ಅಪಾಯ ಇನ್ನೂ ಹತ್ತಿರ. ಪೆಂಡಾಲಿನಲ್ಲಿ ಪ್ಲಗ್ ಇಲ್ಲದೆ ಬರೀ ವೈರನ್ನು ಸಾಕೆಟ್ಟಿಗೆ ತುರುಕಿ ಬೆಂಕಿಕಡ್ಡಿ ಸಿಕ್ಕಿಸುತ್ತೇವೆ, ಮೂರನೇ ವೈರಿಗೆ ಜಾಗವೇ ಇರಲ್ಲ. ವರ್ಷವಿಡೀ ಹರಿಯುವ ನದಿಯಿಲ್ಲದ ಸೀಮೆ ಬೇರೆ. ಬೇಸಿಗೆ ಜಾತ್ರೆ ಹೊತ್ತಿಗೆ ಅರ್ತ್ ಗುಂಡಿ ಒಣಗಿ ಇದ್ದೂ ಇಲ್ಲದ ಹಾಗೆ ಆಗಿರುತ್ತೆ. ನಾಲ್ಕು ಕೊಡ ನೀರು ಹುಯ್ದರೆ ಎಷ್ಟೋ ವಾಸಿ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನದು ದಪ್ಪ, ಉದ್ದ. ಎಲ್ಲಕ್ಕಿಂತ ಮೊದಲು ಕೂಡಬೇಕು, ಕೊನೆಗೆ ಬಿಡಬೇಕು ಅಂತಲೇ ಹಾಗೆ ಮಾಡಿರೋದು. ಎಲ್ಲ ಯಂತ್ರಗಳಿಗೂ ಒಂದೇ ಬೋರ್ಡಿನಿಂದ ಕರೆಂಟು ಕೊಟ್ಟರೆ ಆ ಎರಡು ಅರ್ತ್‌ಗಳ ಗುಂಯ್ ಬಹುಪಾಲು ಹುಟ್ಟೋದೇ ಇಲ್ಲ. ಜೊತೆಗೆ 30 ಮಿಲಿಆಂಪಿಯರ್‌ನ ಲೀಕೇಜ್ ಬ್ರೇಕರ್ ಒಂದು ಹಾಕಿಸಿದರೆ ತಂಡವೆಲ್ಲಾ ನಿಶ್ಚಿಂತೆ. ಅಷ್ಟಾದ ಮೇಲೂ ಸ್ವಲ್ಪ ಗುಂಯ್ ಉಳಿದರೆ ಉಳೀಲಿ ಬಿಡಿ, ಹಾಡು ಶುರುವಾದರೆ ಯಾರಿಗೂ ಕೇಳಲ್ಲ.

ಕೊನೆಗೊಂದು ಕೋರಿಕೆ. ಕೋಲಾರ, ಕೆಜಿಎಫ್ ಕಡೆಯ ಗೆಳೆಯರೇ, ನಿಮ್ಮ ಮನೆ ಹಿರಿಯರಲ್ಲಿ ಯಾರಿಗಾದರೂ ಆ 25 ಸೈಕಲ್ ಕಾಲದ ದೀಪ ಮಿಣುಕುತ್ತಿದ್ದದ್ದು, ಮೋಟರು ಗುನುಗುತ್ತಿದ್ದದ್ದು ನೆನಪಿದ್ದರೆ ದಯವಿಟ್ಟು ಕೇಳಿ ಬರೆಯಿರಿ. ಪುಸ್ತಕದಲ್ಲಿ ಅಂಕಿ ಸಿಗುತ್ತೆ, ಸದ್ದು ಸಿಗಲ್ಲ.